ಉಸುಕಿನ ಆಚೆ ಬದಿ

ಅಣ್ಣನ ಮಗಳಿಗೆ ಓದು ಕಲಿಸಿದವನು ನಾನೇ ಎಂದು ಆಳಂದದ ನಮ್ಮ ಓಣಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಕಲಬುರ್ಗಿಯ ಚರ್ಚಾಕೂಟದಲ್ಲಿ ಪಳಗಿದ ಹುಡುಗ ಅಪ್ಪನ ಜೊತೆ ವಾದ ಹಾಕಿ ಗೆದ್ದ, ಐದು ತುಂಬದ ಹುಡುಗಿಯನ್ನು ಶಾಲೆಗೆ ಸೇರಿಸಿದ ಎಂಬುದು ಕತೆ. ಕೇಳಲು ಚೆನ್ನಾಗಿದೆ. ಆದರೆ ವಾದದಿಂದ ಶಾಲೆಯ ಬಾಗಿಲು ತೆರೆಸಬಹುದು, ಅಕ್ಷರ ಕಲಿಸಲಾಗದು. ಒಂದೇ ಒಂದು ಅಕ್ಷರವನ್ನೂ ನಾನು ಆಕೆಗೆ ಕಲಿಸಿಲ್ಲ.

ಆಗ ನಿಜಾಮರ ಕಾಲ, ಸರ್ಕಾರಿ ಶಾಲೆ ಪೂರ್ತಿ ಉರ್ದು. ಕನ್ನಡ ಬೇಕೆಂದರೆ ಮಠದ ಜಗಲಿಯಲ್ಲಿ ಒಬ್ಬ ಮಾಸ್ತರರು ಚಿಕ್ಕಮಕ್ಕಳಿಗೆ ಕಲಿಸುತ್ತಿದ್ದರು, ಅಷ್ಟೇ. ಹೆಣ್ಣುಮಗುವನ್ನು ಅಲ್ಲಿಗೆ ಕಳಿಸಲು ಅಪ್ಪನಿಗೆ ಮನಸ್ಸಿರಲಿಲ್ಲ. ನಾನು ಬೆನ್ನು ಬಿಡದಿದ್ದಾಗ ಶರ್ತು ಹಾಕಿದ: ಬರುವ ಸೋಮವಾರ ಮಾಸ್ತರರ ಮುಂದೆ ಒಂದು ಸಾಲು ಓದಲಿ. ಓದದಿದ್ದರೆ ತಮ್ಮನ ತೊಟ್ಟಿಲು ತೂಗುತ್ತ ಮನೆಯಲ್ಲಿರಲಿ, ಮತ್ತೆ ಆ ಮಾತು ಎತ್ತಬಾರದು.

ಒಪ್ಪಿಕೊಂಡೆ. ಸೊಲ್ಲಾಪುರದಿಂದ ತರಿಸಿದ ಅಂಕಲಿಪಿ ಬಿಚ್ಚಿ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

"ಇದು ಯಾವ ಅಕ್ಷರ ಹೇಳು."

"ಗೊತ್ತಿಲ್ಲ ಕಾಕಾ. ಆಯಿ ಪರಾತದಾಗ ಇಂಥಾವು ಇಲ್ಲ."

"ಪರಾತದಾಗ ಏನದ ಬೇ, ಬರೇ ಉಸುಕು. ಅದು ಆಟ."

"ಆಟ ಅಲ್ಲ!" ಎಂದು ಎದ್ದೇ ಹೋದಳು. ಮತ್ತೆ ಅಂಕಲಿಪಿಯ ಹತ್ತಿರ ಬರಲಿಲ್ಲ.

ಆಕೆಯ ಆಯಿ ಎಂದರೆ ನಮ್ಮ ಅವ್ವ. ಮಧ್ಯಾಹ್ನ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಿಟ್ಟು ನಾದುವ ಅಗಲ ಪರಾತದಲ್ಲಿ ಉಸುಕು ಹರಡಿ, ಬೆರಳಿನಿಂದ ಏನೋ ಗೀಚುತ್ತಿದ್ದಳು. ಅವ್ವನಿಗೆ ಓದು ಬಾರದೆಂಬುದು ಮನೆಯಲ್ಲಿ ಎಂದೋ ಇತ್ಯರ್ಥವಾಗಿದ್ದ ಸಂಗತಿ. ದಿನಾ ಪೂಜೆಯಾದ ಮೇಲೆ ವಚನದ ಪುಸ್ತಕವನ್ನು ತಲೆಕೆಳಗು ಹಿಡಿದು ಗುನುಗುವಳು. "ಬಾಯಿಪಾಠ ಬಂದದ, ಪುಸ್ತಕ ಬರೇ ನೆವ" ಎಂದು ಅಪ್ಪ ನಗುವನು. ಮನೆಯೆಲ್ಲ ನಗುತ್ತಿತ್ತು.

ಸೋಮವಾರ ಬಂತು. ಮಾಸ್ತರರು ಜಗಲಿಯ ಮೇಲೆ ಅಂಕಲಿಪಿಯನ್ನು ತಮ್ಮ ಕಡೆಗೆ ಮುಖಮಾಡಿ ಇಟ್ಟುಕೊಂಡು ಹಾಳೆ ತಿರುವುತ್ತಿದ್ದರು. ಹುಡುಗಿ ಎದುರಿಗೆ ಕೂತಿದ್ದಳು. ಅವರು ಕೇಳುವ ಮುಂಚೆಯೇ ಆಕೆಯ ಬೆರಳು ಸಾಲಿನ ಮೇಲೆ, ಉರ್ದು ಓದುವವರ ಹಾಗೆ, ಬಲದಿಂದ ಎಡಕ್ಕೆ ಓಡಿತು.

"ಆಡು ಸೊಪ್ಪು ತಿಂದಿತು."

ಮಾಸ್ತರರು ಬೆರಗಾಗಿ ಪುಸ್ತಕವನ್ನು ಆಕೆಯ ಕಡೆಗೆ ತಿರುಗಿಸಿದರು. "ಶಾಬಾಸ್! ಇನ್ನ ಮುಂದಿಂದು ಓದವ್ವಾ."

ಹುಡುಗಿ ಗಪ್ಪಾದಳು. ಬೆರಳು ಸಾಲಿನ ಮೇಲೆ ಅತ್ತಿತ್ತ ಹುಡುಕಿತು.

"ನೋಡ್ರಿ ಮಾಸ್ತರ, ಒಂದು ಸಾಲು ಬಾಯಿಪಾಠ ಮಾಡ್ಸ್ಯಾನ" ಎಂದು ಅಪ್ಪ ನನ್ನ ಕಡೆ ಕಣ್ಣು ಬಿಟ್ಟ. "ಏಳ್ರಿ ಮನಿಗೆ."

"ತಡಿಯಪ್ಪಾ," ಎಂದೆ ನಾನು. "ಬಾಯಿಪಾಠಕ್ಕ ಪುಸ್ತಕ ಹ್ಯಾಂಗಿದ್ರೇನು? ತಿರುಗಿಸಿದ ಕೂಡ್ಲೆ ಯಾಕ ನಿಂತಳು? ಮಾಸ್ತರ, ಆಕಿ ನೋಡದ ಪುಸ್ತಕ ತೆಗೀರಿ. ಮೊದಲಿನಂಗ ನಿಮ್ಮ ಕಡೀನೇ ಮಾರಿ ಇರ್ಲಿ."

ಮಾಸ್ತರರು ಬೇರೊಂದು ಪುಸ್ತಕ ತೆಗೆದು ನಡುವಿನ ಹಾಳೆ ಬಿಚ್ಚಿದರು. ಹುಡುಗಿ ಬಗ್ಗಿದಳು. ತಡವರಿಸಿದಳು. ಆದರೂ ಬಂತು: "ಬಾ... ವಿ... ಯ... ನೀ... ರು."

ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾವ್ಕಾರ್ರ, ಪುಸ್ತಕ ಉಲ್ಟಾ ಹಿಡಿದ ಹುಡುಗರಿಗೆ ದಿನಾ ಬೈತೇನಿ. ಇಕಿಗೆ ಏನಂತ ಬೈಲಿ? ಅಕ್ಷರ ಖರೇ ಬಂದಾವ್ರಿ. ಪುಸ್ತಕ ಸುಲ್ಟಾ ಹಿಡಿಸೂದು ನನ್ನ ಕೆಲಸ. ನಾಳಿಂದ ಕಳಸ್ರಿ."

"ಗೆದ್ದಿ ಬಿಡ್ಲೇ" ಎಂದ ಅಪ್ಪ. ಹೇಳಿದ್ದು ನನಗೆ, ಹುಡುಗಿಗಲ್ಲ. ಓಣಿಯ ಕತೆ ಹುಟ್ಟಿದ್ದು ಆ ಮಾತಿನಿಂದ.

ಮನೆಗೆ ಬಂದ ತಕ್ಷಣ ಹುಡುಗಿ ಓಡಿಹೋಗಿ ಆಯಿಯ ತೊಡೆ ಏರಿದಳು. ಪರಾತ ಬಂತು, ಉಸುಕು ಹರಡಿತು, ಅವ್ವ ಬರೆಯತೊಡಗಿದಳು. ನಾನು ಎಂದೂ ನಿಲ್ಲದ ಜಾಗದಲ್ಲಿ, ಪರಾತದ ಆಚೆ ಬದಿಗೆ, ಹೋಗಿ ನಿಂತೆ. ಅಲ್ಲಿಂದ ಒಂದೊಂದು ಅಕ್ಷರವೂ ಅಂಕಲಿಪಿಯದೇ, ನೆಟ್ಟಗೆ, ದುಂಡಗೆ. ಅವ್ವನ ಪಕ್ಕಕ್ಕೆ, ಹುಡುಗಿ ನೋಡುವ ಕಡೆಗೆ, ಬಂದು ನೋಡಿದೆ: ಎಲ್ಲ ತಲೆಕೆಳಗು, ತಲೆಕಟ್ಟೆಲ್ಲ ಕಾಲ ಕೆಳಗೆ.

ಹೀಗೆ ಬರೆಯುವವರು ಅಕ್ಷರವನ್ನು ಎದುರಿನಿಂದಲೇ ಕಂಡಿರಬೇಕು, ಬೇರೆ ಯಾರಿಗೋ ಕಲಿಸುತ್ತಿದ್ದಾಗ. ಅವ್ವನ ತವರು ಜೇವರ್ಗಿ. ಅಲ್ಲಿ ನಮ್ಮ ಸೋದರಮಾವನ ಬೆರಳು ಹಿಡಿದು ಮಠದ ಅಯ್ಯನವರು ಮನೆಗೇ ಬಂದು ಉಸುಕಿನಲ್ಲಿ ಅಕ್ಷರ ತಿದ್ದಿಸುತ್ತಿದ್ದರೆಂದು ಹೆಮ್ಮೆಯಿಂದ ಹೇಳುತ್ತಾರೆ. ಎದುರಿಗೆ ಅವನ ತಂಗಿಯೂ ಕೂತಿದ್ದಳೆಂದು ಮಾತ್ರ ಯಾರೂ ಹೇಳಿಲ್ಲ. ವಚನದ ಪುಸ್ತಕ ತಲೆಕೆಳಗಿದ್ದದ್ದು ಅದಕ್ಕೇ. ಗುನುಗುತ್ತಿದ್ದದ್ದು ಬಾಯಿಪಾಠವಲ್ಲ, ಓದು. ಇದರ ಮೇಲೆ ಯಾರಾದರೂ ಎದುರು ವಾದ ಹೂಡುವುದಾದರೆ ನಾನು ಸಿದ್ಧ.

ಅವ್ವ ನನ್ನ ಮುಖ ನೋಡಿದಳು. ಅಂಗೈಯಿಂದ ಉಸುಕು ಸವರಿ ಸಮ ಮಾಡಿದಳು.

"ಅವ್ವಾ, ನಿನಗ ಓದಾಕ ಬರ್ತದ. ನಾವು ದಿನಾ ನಗತಿದ್ವಿ. ಒಂದು ದಿನರ ಯಾಕ ಹೇಳಲಿಲ್ಲ?"

"ದಿನಾ ನಿಮ್ಮ ಮುಂದನ ಓದತಿದ್ನಲ್ಲೋ" ಎಂದು ಅವ್ವ ಮೊಮ್ಮಗಳಿಗೆ ಮುಂದಿನ ಅಕ್ಷರ ಬರೆದಳು.