ಹಿತ್ತಲಲ್ಲಿ ಮಲಗಿಸಿದ ದೋಣಿ

ಹೈದರಾಬಾದಿನ ಮಿಯಾಪುರದ ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ದೋಣಿ ಇದೆ. ಮೆಟ್ರೋ ನಿಲ್ದಾಣದಿಂದ ನಡೆದು ಬರುವಷ್ಟು ದೂರ, ಸುತ್ತಲೂ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳು, ಹೊಳೆಯಂತೂ ಹತ್ತಿರ ಎಲ್ಲೂ ಇಲ್ಲ. ಮನೆಗೆ ಹೊಸದಾಗಿ ಬಂದವರು ಅಡುಗೆಮನೆಯ ಕಿಟಕಿಯಿಂದ ನೋಡಿ "ಇದೇನ್ರಿ ಇದು?" ಎಂದು ಕೇಳಿಯೇ ಕೇಳುತ್ತಾರೆ. "ಮೀನಿನ ಕೊಳ" ಎನ್ನುತ್ತೇನೆ. ಅಷ್ಟಕ್ಕೇ ಬಿಡುವವರಿಗೆ ಅಷ್ಟು ಸಾಕು. ಬಿಡದವರಿಗೆ ಚಹಾ ಮಾಡಿಕೊಟ್ಟು ಅಪ್ಪನ ಕಥೆ ಹೇಳಬೇಕಾಗುತ್ತದೆ.

ಅಪ್ಪ ಕೃಷ್ಣಾ ಹೊಳೆಯ ದಂಡೆಯ ಊರಿನಲ್ಲಿ ಅಂಬಿಗನಾಗಿದ್ದ. ಅಜ್ಜನಿಂದ ಬಂದ ಕೆಲಸ. ಸಂತೆಗೆ ಹೋಗುವವರು, ಕುರಿಗಳು, ಜೋಳದ ಚೀಲಗಳು, ಬೀಗರ ದಂಡು, ಎಲ್ಲವೂ ಅಪ್ಪನ ದೋಣಿಯಲ್ಲೇ ಆಚೆ ದಂಡೆಗೆ ಹೋಗಬೇಕಿತ್ತು. ಮಳೆಗಾಲದಲ್ಲಿ ಬೆಳಗ್ಗೆ ಎದ್ದವನೇ ದಂಡೆಗೆ ಹೋಗಿ ಸುಮ್ಮನೆ ನಿಂತು ಹೊಳೆ ನೋಡುತ್ತಿದ್ದ. ಮನಸ್ಸಿಗೆ ಬಂದರೆ ಹುಟ್ಟು ಹಿಡಿಯುತ್ತಿದ್ದ. ಇಲ್ಲದಿದ್ದರೆ "ನೀರು ಭಾಳ ಐತಿ" ಎಂದು ಹೇಳಿ ಬಂಡೆಯ ಮೇಲೆ ಕೂತುಬಿಡುತ್ತಿದ್ದ. ಆ ಮಾತಿಗೆ ಎದುರು ಮಾತಿಲ್ಲ. ಬಾಸಿಂಗ ಕಟ್ಟಿಕೊಂಡ ಮದುಮಗನಾದರೂ ಸರಿ, ಜೀಪಿನಲ್ಲಿ ಬಂದ ಸಾಹೇಬರಾದರೂ ಸರಿ, ಬಂದ ದಾರಿ ಹಿಡಿಯಬೇಕು. ಒಂದು ದಿನ ಹೊಳೆ ನನ್ನ ಕಣ್ಣಿಗೆ ತಣ್ಣಗೇ ಕಂಡಿತು. "ಎಲ್ಲೈತಪ್ಪ ಭಾಳ?" ಎಂದು ಕೇಳಿದ್ದಕ್ಕೆ ಅವ್ವ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅಂಬಿಗ ಭಾಳ ಐತಿ ಅಂದರೆ ಭಾಳ ಐತಿ, ಅಷ್ಟೇ.

ಆಮೇಲೆ ಸೇತುವೆ ಬಂತು. ಜನ ಬಸ್ಸಿನಲ್ಲಿ ಹೊಳೆ ದಾಟತೊಡಗಿದರು. ದೋಣಿ ಬೇವಿನ ಮರದ ಕೆಳಗೆ ಬೋರಲು ಬಿತ್ತು, ಕೋಳಿಗಳು ಅದರ ಮೇಲೆ ಹತ್ತಿ ಕೂತವು. ಅಪ್ಪ ಅವರಿವರ ಹೊಲಕ್ಕೆ ಕೆಲಸಕ್ಕೆ ಹೋದ. ಆದರೂ ಊರು ಬಿಡುವ ಮಾತು ಬಾಯಿಂದ ಬರಲಿಲ್ಲ. ಬಿಡಿಸಿದ್ದು ಅವ್ವನ ಎದೆನೋವು. ಇಲ್ಲಿಗೆ ಕರೆತಂದು ತೋರಿಸಿದೆವು, ಆಪರೇಷನ್ ಆಯಿತು. "ಗುಳಿಗೆ ತಪ್ಪಿಸಬಾರದು, ತಿಂಗಳಿಗೊಮ್ಮೆ ನನ್ನ ಕಣ್ಣಿಗೆ ಬೀಳಬೇಕು, ಊರಿಗೆ ಕಳಿಸಿದರೆ ನಾನು ಜವಾಬ್ದಾರನಲ್ಲ" ಎಂದರು ಡಾಕ್ಟರು. ಅವ್ವ ನಮ್ಮ ಮನೆಯಲ್ಲೇ ಉಳಿದಳು. ಅಪ್ಪನೂ ಉಳಿದ, ಆದರೆ ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಹಾಗೆ ಉಳಿದ.

"ನಾಳೆ ಹೊಂಡೂಣು" ಎನ್ನುತ್ತಿದ್ದ ದಿನಾ. ಅವನು ಹೊರಟರೆ ಅವ್ವನೂ ಹಿಂದೆಯೇ ಹೊರಡುವವಳು. ಅವನಿಗೆ ಒಂದು ರೊಟ್ಟಿ ಬಡಿಯಲು ಬರುವುದಿಲ್ಲ, ಒಬ್ಬನನ್ನೇ ಹೇಗೆ ಬಿಡುವುದು ಎನ್ನುವುದು ಅವಳ ಲೆಕ್ಕ. ಅಪ್ಪ ಊರಿಗೆ ಹೋದರೆ ಅವ್ವ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅವನಿಗೆ ಹೇಳಿದರೆ "ಹೊಳಿ ಗಾಳಿ ಬಿದ್ರ ಎಲ್ಲಾ ಆರಾಮ ಆಗತೈತಿ" ಎನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಯುಗಾದಿ ಆದ ಹೊಸತರಲ್ಲಿ ಊರಿನಿಂದ ನಮ್ಮ ದೊಡ್ಡಪ್ಪನ ಮಗ ಫೋನು ಮಾಡಿದ. ಮನೆಯಲ್ಲಿ ಮದುವೆ, ಒಲೆಗೆ ಕಟ್ಟಿಗೆ ಸಾಲುವುದಿಲ್ಲ, ದೋಣಿ ಹೆಂಗೂ ಬಿದ್ದಲ್ಲೇ ಬಿದ್ದೈತಿ, ಒಡೆಯಲೇನು ಎಂದು ಕೇಳಿದ. ಅಪ್ಪ ಫೋನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಸಂಜೆ ಚಹಾ ಕುಡಿಯಲಿಲ್ಲ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಗಂಡ ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ "ನಾಳೆ ಲಾರಿ ಮಾಡಿಕೊಂಡು ಹೋಗಿ ಆ ದೋಣಿ ತರ್ರಿ" ಎಂದೆ. ಅವರು ನನ್ನ ಮುಖ ನೋಡಿದರು. ತಮಾಷೆಯಲ್ಲ ಎಂದು ತಿಳಿದು ರಜೆ ಹಾಕಿದರು.

ದೋಣಿ ಬಂತು. ಗೇಟಿನಲ್ಲಿ ಹಿಡಿಸದೆ ಪಕ್ಕದ ಕಾಂಪೌಂಡು ಒಡೆದು ಒಳಗೆ ತಂದೆವು. ಲಾರಿಯವನು ಬೆವರು ಒರೆಸಿಕೊಂಡು "ಅಮ್ಮಾ, ಇಸ್ಕು ಕಹಾಂ ಡುಬಾನಾ ಹೈ?" ಎಂದು ಕೇಳಿದ. ಇದನ್ನು ಎಲ್ಲಿ ಮುಳುಗಿಸಬೇಕೋ ಅದು ನನಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ತೆಲುಗಿನವರಂತೂ ಮಹಡಿ ಹತ್ತಿ ನಿಂತು ನೋಡಿದರು. ಅಪ್ಪ ದೋಣಿಯ ಸುತ್ತ ಒಂದು ಸುತ್ತು ಬಂದು, ಅಂಚಿನ ಮೇಲೆ ಕೈಯಿಟ್ಟು, ಅವ್ವನ ಕಡೆ ತಿರುಗಿ "ಬಂತು ನೋಡು" ಎಂದ. ಅಂದು ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಇಲ್ಲಿನ ಬಿಸಿಲಿಗೆ ಹಲಗೆಗಳು ಬಿರಿಯತೊಡಗಿದವು. ಮಧ್ಯಾಹ್ನ ಹಿತ್ತಲಿನಿಂದ ಟಪ್ ಎಂದು ಸದ್ದು ಬಂದಾಗಲೆಲ್ಲ ಅಪ್ಪ ಮಲಗಿದ್ದಲ್ಲಿಂದ ಎದ್ದು ಹೋಗಿ ಯಾವ ಹಲಗೆ ಎಂದು ಕೈಯಾಡಿಸಿ ನೋಡುತ್ತಿದ್ದ. ಗೋಣಿಚೀಲ ನೆನೆಸಿ ಹೊದಿಸಿದ, ಅದು ಗಳಿಗೆಯಲ್ಲಿ ಒಣಗುತ್ತಿತ್ತು. ಅವನ ಮುಖ ನೋಡಲಾಗದೆ ನಾನೇ ಹೇಳಿದೆ.

"ಅಪ್ಪಾ, ಒಳಗ ನೀರು ತುಂಬಿಬಿಡೂಣು. ಕಟ್ಟಿಗಿ ತಂಪಿರತೈತಿ. ಮೀನ ಬಿಡೂಣು."

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ದೋಣ್ಯಾಗ ನೀರು ತುಂಬತಿ? ತಲಿ ನೆಟ್ಟಗೈತಿಲ್ಲ ನಿಂದು? ಜನ್ಮೆಲ್ಲಾ ನಾ ನೀರು ಹೊರಗ ಚೆಲ್ಲೀನಿ. ಒಳಗ ನೀರು ಬಂದ ದೋಣಿ ಸತ್ತ ದೋಣಿ."

ಕಟ್ಟೆಯ ಮೇಲೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ಹಂಗಾದ್ರ ಬ್ಯಾಸಗಿಗೊಮ್ಮೆ ನೀವ ಅದನ್ನ ಕೊಲ್ಲತಿದ್ರೇನ್ರಿ?" ಎಂದಳು.

ಅಪ್ಪ ದೋಣಿಯ ಕಡೆ ತಿರುಗಿದ. ನಾನೂ ಮರೆತಿದ್ದೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಜನ ನಡೆದೇ ದಾಟುವಾಗ ದೋಣಿಗೆ ಕೆಲಸವಿರುತ್ತಿರಲಿಲ್ಲ. ದಂಡೆಯ ಮೇಲೆ ಬಿಟ್ಟರೆ ಒಣಗಿ ಸೀಳುತ್ತದೆ. ಅದಕ್ಕೆ ಹೊಳೆಯ ಮಡುವಿಗೆ ಒಯ್ದು, ಕಾಯಿ ಒಡೆದು, ಒಳಗೆ ಕಲ್ಲು ತುಂಬಿ, ನೀರು ಬಿಟ್ಟು ಮುಳುಗಿಸುತ್ತಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ಮುಳುಗಿಸುವುದು ಎನ್ನುತ್ತಿರಲಿಲ್ಲ, ಮಲಗಿಸುವುದು ಎನ್ನುತ್ತಿದ್ದರು. ಮೃಗಶಿರ ಮಳೆ, ನಮ್ಮ ಕಡೆಯ ಬಾಯಲ್ಲಿ ಮಿರಗ, ಕೂಡಿದ ದಿನ ಕಲ್ಲು ತೆಗೆದು, ನೀರು ಚೆಲ್ಲಿ, ದೋಣಿಯನ್ನು ಎಬ್ಬಿಸುತ್ತಿದ್ದರು. ಎಬ್ಬಿಸಿದ ದಿನ ಮನೆಯಲ್ಲಿ ಹೋಳಿಗೆ.

"ಆತು, ಮಲಗಸೂಣು" ಎಂದ ಅಪ್ಪ ಕೊನೆಗೆ. "ಆದ್ರ ಮಿರಗದತನಕ ಅಷ್ಟ. ಮಿರಗ ಕೂಡಿದ ದಿನ ಎಬ್ಬಸ್ತೀನಿ. ಎಬ್ಬಿಸಿ ನಾ ಮತ್ತ ನಿಮ್ಮವ್ವ ಊರಿಗೆ."

ನಾನು ಹೂಂ ಎಂದೆ. ಮಿರಗ ಇನ್ನೂ ದೂರವಿತ್ತು.

ದೋಣಿಯನ್ನು ಅರ್ಧ ನೆಲದಲ್ಲಿ ಹೂತು ಕೂರಿಸಿದೆವು. ಹಲಗೆಯ ಸಂದುಗಳಿಗೆ ನಾರು ತುರುಕಿ ಡಾಂಬರು ಬಳಿಯುವ ಕೆಲಸವನ್ನು ಅಪ್ಪ ಯಾರಿಗೂ ಬಿಡಲಿಲ್ಲ. ಹೂಳುವ ಮೊದಲೇ, ದೋಣಿಯನ್ನು ಬೋರಲು ಮಾಡಿ, ಹೊರಮೈಗೆಲ್ಲ ಚೆನ್ನಾಗಿ ಬಳಿದಿದ್ದ. ಬೋರ್‌ವೆಲ್ ನೀರು ತುಂಬಿಸಿದೆವು. ಬೆಳಗಾಗುವಷ್ಟರಲ್ಲಿ ದೋಣಿ ಖಾಲಿ, ಪಕ್ಕದವರ ಅಂಗಳ ಕೆಸರು. ಹೊರಗಿನ ನೀರು ಒಳಗೆ ಒತ್ತುವಾಗ ಗಟ್ಟಿಯಾಗಿ ಕೂರುವ ನಾರು, ಒಳಗಿನ ನೀರು ಹೊರಗೆ ಒತ್ತಿದಾಗ ಒಂದೊಂದಾಗಿ ಕಳಚಿ ಬಿದ್ದಿತ್ತು. ಆಯುಷ್ಯವಿಡೀ ಹೊಳೆಯನ್ನು ಹೊರಗಿಟ್ಟ ಕೈಗಳಿಗೆ ನೀರು ಒಳಗಿಂದ ಬರುತ್ತದೆ ಎಂಬುದು ಹೊಳೆಯಲೇ ಇಲ್ಲ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ಆಪರೇಷನ್ ಆದಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ಅಪ್ಪ ಮುಖ ಗಂಟು ಹಾಕಿಕೊಂಡೇ ಒಳಗಿನಿಂದ ಮತ್ತೆ ಬಳಿದ.

ನೀರು ನಿಂತಿತು. ಮೆಹದಿಪಟ್ಟಣದ ಅಂಗಡಿಯೊಂದರಿಂದ ಗಂಡ ಬಂಗಾರ ಬಣ್ಣದ ಮೀನುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದರು. "ತಿನ್ನಾಕ ಬರಂಗಿಲ್ಲ, ಮಾರಾಕ ಬರಂಗಿಲ್ಲ, ಇವನ್ಯಾಕ ಸಾಕ್ತೀರಿ?" ಎಂದು ಗೊಣಗಿದ ಅಪ್ಪನೇ ಮರುದಿನದಿಂದ ಬೆಳಗ್ಗೆ ರೊಟ್ಟಿಯ ಚೂರು ಒಯ್ದು ಹಾಕತೊಡಗಿದ. ಅವ್ವ ಹಗ್ಗದ ಹೊರಸು ಹಾಕಿಸಿಕೊಂಡು ಅಲ್ಲೇ ಕೂರುತ್ತಿದ್ದಳು. ಇಬ್ಬರೂ ನೀರು ನೋಡುತ್ತಿದ್ದರು. ನಾನು ಕಿಟಕಿಯಿಂದ ಅವರನ್ನು ನೋಡುತ್ತಿದ್ದೆ. ಈ ಬೇಸಿಗೆ ಮುಗಿಯದಿರಲಿ ಎನ್ನಿಸುತ್ತಿತ್ತು.

ಮುಗಿಯಿತು. ಮಿರಗದ ದಿನ ಇಡೀ ಹೈದರಾಬಾದು ಮೀನು ತಿನ್ನುತ್ತದೆ. ಪಕ್ಕದ ಮನೆಯಾಕೆ ಬೆಳಗ್ಗೆಯೇ ಗೋಡೆಯ ಮೇಲಿಂದ ಬಗ್ಗಿ, ಇಷ್ಟು ಮೀನು ಇಟ್ಟುಕೊಂಡು ಸಾರು ಮಾಡುವುದಿಲ್ಲವೇ ಎಂದು ತೆಲುಗಿನಲ್ಲಿ ಕೇಳಿದರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಮೀನು ತೆಗೆದಿಡಲು ಪಾತ್ರೆ ಸಿಗದಿದ್ದರೆ ದೋಣಿ ಖಾಲಿ ಮಾಡಲಾಗುವುದಿಲ್ಲವಲ್ಲ ಎಂದು ಮನೆಯಲ್ಲಿದ್ದ ಬಕೆಟ್ಟು, ಕೊಡ, ಬೋಗುಣಿ ಎಲ್ಲವನ್ನೂ ಅದೇ ಆಕೆಯ ಮನೆಯಲ್ಲಿ ಬಚ್ಚಿಟ್ಟಿದ್ದೆ. ನೀರು ಚೆಲ್ಲುವ ತಗಡಿನ ಡಬ್ಬಿಯನ್ನು ಮಾತ್ರ ಬಚ್ಚಿಡಲಾಗಲಿಲ್ಲ. ಊರಿನಿಂದ ದೋಣಿಯ ಜೊತೆ ಬಂದ ಆ ಡಬ್ಬಿಯನ್ನು ಅಪ್ಪ ತಲೆಯ ಹತ್ತಿರ ಇಟ್ಟುಕೊಂಡೇ ಮಲಗಿದ್ದ.

ಧೋತರ ಮೇಲೆ ಕಟ್ಟಿ ದೋಣಿಗಿಳಿದ. ಮೊಣಕಾಲುದ್ದದ ನೀರನ್ನು ಮೊಗೆದು ಮೊಗೆದು ಹೊರಗೆ ಚೆಲ್ಲತೊಡಗಿದ. "ಅಪ್ಪಾ, ಡಾಕ್ಟರು ಏನ್ ಹೇಳ್ಯಾರ ಗೊತ್ತೈತಿಲ್ಲ" ಎಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ. "ಮೀನ ಎಲ್ಲಿ ಇಡ್ತಿ?" ಎಂದೆ. "ಬಕೀಟ ತಾ" ಎಂದ. "ಇಲ್ಲ" ಎಂದೆ. "ಇಷ್ಟು ದೊಡ್ಡ ಮನ್ಯಾಗ ಒಂದು ಬಕೀಟ ಇಲ್ಲ?" ಎಂದು ನನ್ನತ್ತ ನೋಡಿದ. ಅವನಿಗೆ ಗೊತ್ತಾಗಿತ್ತು. ಆದರೂ ಕೈ ನಿಲ್ಲಿಸಲಿಲ್ಲ.

ನೀರು ಕಣಕಾಲಿಗೆ ಇಳಿಯಿತು. ಮೀನುಗಳೆಲ್ಲ ಅವನ ಕಾಲಿನ ಸುತ್ತ ಬಂದು ಸೇರಿದವು. ಆ ಹೊತ್ತಿಗೆ ಅವ್ವ ಒಳಗಿನಿಂದ ಬಂದಳು. ಒಗೆದ ಸೀರೆ ಉಟ್ಟಿದ್ದಳು, ಚಪ್ಪಲಿ ಹಾಕಿದ್ದಳು, ಕೈಯಲ್ಲಿ ಗಂಟಿತ್ತು. ಹೊರಸಿನ ಮೇಲೆ ಕೂತು ಏದುಸಿರು ಬಿಟ್ಟಳು. ಕೋಣೆಯಿಂದ ಹಿತ್ತಲಿಗೆ ಬಂದದ್ದಕ್ಕೇ ಅಷ್ಟು ಉಸಿರು.

"ಗುಳಿಗಿ ಈ ತಿಂಗಳದ್ದು ಅದಾವ" ಎಂದಳು. "ಅಷ್ಟ ಸಾಕು. ನಡೀರಿ."

ಅಪ್ಪ ಬಗ್ಗಿದವನು ಎದ್ದು ನಿಂತ. ಅವ್ವನನ್ನೇ ನೋಡಿದ. ಹಿಂದೆ ದಂಡೆಯ ಮೇಲೆ ನಿಂತು ಹೊಳೆ ನೋಡುತ್ತಿದ್ದ ಹಾಗೆಯೇ, ಅವಸರವಿಲ್ಲದೆ ನೋಡಿದ. ಆಮೇಲೆ ಡಬ್ಬಿಯನ್ನು ದೋಣಿಯ ಅಂಚಿನ ಮೇಲಿಟ್ಟ.

"ನೀರು ಭಾಳ ಐತಿ" ಎಂದ.

ನೀರು ಅವನ ಕಣಕಾಲಿಗಿತ್ತು. ನಾನೂ ನೋಡುತ್ತಿದ್ದೆ, ಅವ್ವನೂ ನೋಡುತ್ತಿದ್ದಳು. ಯಾರೂ ಎದುರು ಮಾತಾಡಲಿಲ್ಲ.

"ಈ ವರ್ಷ ದೋಣಿ ಏಳೂದಿಲ್ಲ. ಮುಂದಿನ ಮಿರಗಕ್ಕ ನೋಡೂಣು. ಏ ಮಗಳ, ಪೈಪ್ ಹಚ್ಚು."

ಪೈಪು ಹಚ್ಚಿ ಬಂದು ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಆಮೇಲೆ ಕಡಲೆಬೇಳೆ ನೆನೆಸಿದೆ. ದೋಣಿ ಏಳದಿದ್ದರೂ ಅಂದು ಹೋಳಿಗೆಯಾಯಿತು.

ಆಮೇಲೆ ಪ್ರತಿ ಮಿರಗಕ್ಕೂ ಅಪ್ಪ ಡಬ್ಬಿ ತೆಗೆದುಕೊಂಡು ಹೋಗಿ, ಒಂದು ಡಬ್ಬಿ ನೀರು ಮೊಗೆದು ದಾಸವಾಳದ ಬುಡಕ್ಕೆ ಹಾಕಿ, ಅದೇ ಮಾತು ಹೇಳಿ ಬರುತ್ತಿದ್ದ. "ನಾಳೆ ಹೊಂಡೂಣು" ಎನ್ನುವುದನ್ನು ಬಿಟ್ಟಿದ್ದ. ಎದೆ ಕಾಯಿಲೆಯವಳು ಗಟ್ಟಿಯಾಗಿ ಉಳಿದಳು, ಒಂದು ದಿನವೂ ಜ್ವರ ಎಂದು ಮಲಗದ ಅಪ್ಪ ಕಳೆದ ಸಂಕ್ರಾಂತಿಯ ನಂತರ ಒಂದು ಬೆಳಗ್ಗೆ ಏಳಲಿಲ್ಲ.

ಅವ್ವ ಅಳಲಿಲ್ಲ. ಗುಳಿಗೆ ನುಂಗುವುದನ್ನು ಬಿಟ್ಟಳು. ಕೊಟ್ಟರೆ ದಿಂಬಿನ ಕೆಳಗಿಡುತ್ತಿದ್ದಳು. "ನಾ ಊರಿಗೆ ಹೋಗ್ತೀನಿ. ಇಲ್ಲೇನೈತಿ ಇನ್ನ?" ಎನ್ನುತ್ತಿದ್ದಳು. ಬೈದೆ, ಗೋಗರೆದೆ, ನಾನೂ ಊಟ ಬಿಟ್ಟೆ. ನನ್ನ ಸಿಟ್ಟು ಅವಳ ಹತ್ತಿರ ಎಂದೂ ನಡೆದಿಲ್ಲ.

ಈ ಸಲ ಬಿಸಿಲು ಬಹಳ. ಬೋರ್‌ವೆಲ್ ಸರಿಯಾಗಿ ನೀರು ಎತ್ತುತ್ತಿರಲಿಲ್ಲ, ದೋಣಿಯಲ್ಲಿ ಗೇಣುದ್ದ ನೀರಿತ್ತು. ಮಿರಗದ ದಿನ ಬೆಳಗ್ಗೆ ಅವ್ವನ ಕೋಣೆಗೆ ಹೋದರೆ ಅವಳಿರಲಿಲ್ಲ. ಹಿತ್ತಲಿಗೆ ಓಡಿದೆ. ಹೊರಸಿನ ಮೇಲೆ ಕಟ್ಟಿದ ಗಂಟು, ಕೆಳಗೆ ಚಪ್ಪಲಿ. ಅವ್ವ ದೋಣಿಯ ಅಂಚು ಹಿಡಿದು ಬಗ್ಗಿ ನಿಂತಿದ್ದಳು, ಕೈಯಲ್ಲಿ ಅಪ್ಪನ ಡಬ್ಬಿ. ಒಂದು ಡಬ್ಬಿ ನೀರು ಮೊಗೆದಳು. ನಿಧಾನವಾಗಿ ನಡೆದು ಹೋಗಿ ದಾಸವಾಳದ ಬುಡಕ್ಕೆ ಹಾಕಿದಳು. ತಿರುಗಿ ಬಂದು ದೋಣಿಯಲ್ಲಿ ಉಳಿದ ನೀರನ್ನು ತುಂಬಾ ಹೊತ್ತು ನೋಡಿದಳು.

"ನೀರು ಭಾಳ ಐತಿ" ಎಂದಳು. "ಮುಂದಿನ ಮಿರಗಕ್ಕ ನೋಡೂಣು."

ನಾನು ಎದುರು ಮಾತಾಡಲಿಲ್ಲ. ಒಳಗೆ ಹೋಗಿ ಬೆಳಗಿನ ಗುಳಿಗೆ ತಂದು ಅವಳ ಕೈಯಲ್ಲಿಟ್ಟೆ. ನುಂಗಿದಳು. ಆಮೇಲೆ ಇಬ್ಬರೂ ಸೇರಿ ದೋಣಿಗೆ ಪೈಪು ಹಚ್ಚಿದೆವು.