ನೀಲಿ ಹಗ್ಗ, ಹಳದಿ ಹಗ್ಗ

ಅವಳಿಗೆ ಜಿಗಣೆ ಎಂದು ಹೆಸರಿಟ್ಟವನು ಅವಳ ಮೈದುನನೇ. ಒಮ್ಮೆ ಕಚ್ಚಿದರೆ ಬಿಡುವವಳಲ್ಲ ಎಂದು ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಿದ್ದ. ಹೆಸರು ಅಂಟಿಕೊಂಡಿತು. ಈಗ ಬಸ್ಸಿನಿಂದ ಇಳಿದು, ಜಲಪಾತಕ್ಕೆ ದಾರಿ ತೋರಿಸುವವರು ಯಾರು ಎಂದು ಕೇಳುವ ಹೊರಗಿನವರಿಗೂ ಅಂಗಡಿಯ ಅಜ್ಜಿ, "ಕೂತ್ಕೊಳ್ಳಿ, ಜಿಗಣೆ ಬರ್ತಾಳೆ" ಎನ್ನುತ್ತಾಳೆ. ಕೇಳಿದವರು ಗಾಬರಿಯಿಂದ ಕಾಲು ಮೇಲೆತ್ತಿಕೊಳ್ಳುತ್ತಾರೆ. ಪ್ರತಿಯಾಗಿ ಅವಳು ಮೈದುನನಿಗೆ ಪೀಡೆ ಎಂದು ಹೆಸರಿಟ್ಟಳು. ಅದು ಯಾಕೋ ಊರಲ್ಲಿ ಓಡಲಿಲ್ಲ. ಆ ಹೊಟ್ಟೆಯುರಿ ಅವಳಿಗೆ ಇನ್ನೂ ಇದೆ.

ಆ ಕಾಡು ಪೋಸ್ಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಅದಕ್ಕೆ ಮನುಷ್ಯರನ್ನು ಕಂಡರಾಗುವುದಿಲ್ಲ ಎಂದು ತಿಳಿಯುವುದು ಒಳಗೆ ಹೊಕ್ಕ ಮೇಲೆ. ಮೇಲೆ ಎಲೆಯ ಮೇಲೆ ಎಲೆ, ನಡುಹಗಲಲ್ಲೂ ಮಬ್ಬು. ಕೆಳಗೆ ಕೊಳೆತ ಎಲೆಯ ರಾಡಿ. ಹಿಡಿಯಲು ಹೋದ ಬಳ್ಳಿಗೆಲ್ಲ ಮುಳ್ಳು, ಕೂರಲು ಹೋದ ದಿಮ್ಮಿಯ ತುಂಬ ಇರುವೆ. ಮಳೆ ನಿಂತರೂ ಮರಗಳು ನಿಲ್ಲಿಸುವುದಿಲ್ಲ, ಸುರಿಸುತ್ತಲೇ ಇರುತ್ತವೆ. ಅವಳು ಸೊಂಟಕ್ಕೆ ಉಪ್ಪಿನ ಗಂಟು ಕಟ್ಟಿಕೊಂಡು, ಪ್ಲಾಸ್ಟಿಕ್ ಶೂ ಮೆಟ್ಟಿಕೊಂಡು, ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡು ಮುಂದೆ ನಡೆಯುತ್ತಾಳೆ. ಹಿಂದಿನವರು ಏದುಸಿರು ಬಿಡುತ್ತ ಇನ್ನೆಷ್ಟು ದೂರ ಎಂದರೆ, ನೀರಿನ ಸದ್ದು ಕೇಳುವವರೆಗೂ ದೂರವೇ ಎನ್ನುತ್ತಾಳೆ. ಫೋಟೋ ತೆಗೆಸಿಕೊಳ್ಳಲು ಪಾಚಿಗಟ್ಟಿದ ಬಂಡೆ ಹತ್ತಿದವರನ್ನು ಕೊರಳಪಟ್ಟಿ ಹಿಡಿದು ಇಳಿಸಿದ್ದೂ ಉಂಟು. ದುಡ್ಡು ಕೊಟ್ಟು ಬೈಸಿಕೊಳ್ಳಲು ಜನ ಯಾಕೆ ಬರುತ್ತಾರೋ, ಅಂತೂ ಬರುತ್ತಾರೆ.

ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಜಿಗಣೆ ಕಂಡರೆ ಕಿಟಾರನೆ ಕಿರುಚುತ್ತಿದ್ದಳು ಎಂದರೆ ಈಗ ಯಾರೂ ನಂಬುವುದಿಲ್ಲ. ದಾರಿ ಆಗ ಅವಳದಾಗಿರಲಿಲ್ಲ. ಅವಳ ಮಾವ ಕತ್ತಿ ಹಿಡಿದು ಕಡಿದ ದಾರಿ ಅದು. ಅವರ ನಂತರ ಗಂಡ ಜನರನ್ನು ಕರೆದೊಯ್ಯುತ್ತಿದ್ದ, ತಮ್ಮ ಅವನ ಜೊತೆಗಿರುತ್ತಿದ್ದ. ಒಂದು ಮಳೆಯ ದಿನ ಗಂಡ, ಇವತ್ತು ಬೇಡ, ಬಂದವರನ್ನು ವಾಪಸ್ಸು ಕಳಿಸೋಣ ಎಂದ. ಬಂದ ಗಿರಾಕಿಗಳನ್ನು ಬಿಡುವುದುಂಟೇ ಎಂದು ಹಟ ಹಿಡಿದು ಮೇಲೆ ಕಳಿಸಿದವಳು ಇವಳು. ಮೇಲಿನ ಜಲಪಾತದ ಬಂಡೆಯಲ್ಲಿ ಜಾರಿ ಅವನ ಮಂಡಿ ಚೂರಾಯಿತು. ಆಸ್ಪತ್ರೆಯಿಂದ ಬಂದವನು ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕಾಲು ಚಾಚಿ ಕೂತ. ಹಗ್ಗವನ್ನು ತಮ್ಮನಿಗೆ ಕೊಡುತ್ತಾನೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವನು ಹೆಂಡತಿಯ ಕೈಗೆ ಕೊಟ್ಟ.

ಅಣ್ಣನ ಕಾಲು ತಿಂದವಳು ಈಗ ಅಪ್ಪನ ದಾರಿಯನ್ನೂ ತಿಂದಳು ಎಂದು ಮೈದುನ ಬೀದಿಯಲ್ಲಿ ನಿಂತು ಹೇಳಿದ. ಸುಳ್ಳಾಗಿದ್ದರೆ ಎರಡು ಬೈದು ಮರೆಯುತ್ತಿದ್ದಳೇನೋ. ಕಾಲಿನ ಮಾತು ನಿಜವಾಗಿತ್ತು. ಅದಕ್ಕೇ ಮರೆಯಲಿಲ್ಲ. ಅವನು ಬೇರೆ ಹಗ್ಗ ಕೊಂಡು ಅದೇ ದಾರಿಗೆ ತಾನೂ ಜನರನ್ನು ಕರೆದೊಯ್ಯತೊಡಗಿದ. ಅತ್ತಿಗೆ ಎಂದು ಕರೆಯುವುದನ್ನು ಅವತ್ತೇ ಬಿಟ್ಟ. ಮಾತೂ ನಿಂತಿತು.

ಅವರಿರುವುದು ಬಸ್ ನಿಲ್ದಾಣದ ಹಿಂದೆ, ಒಂದೇ ತಗಡಿನ ಮಾಡಿನ ಕೆಳಗೆ. ಈಚೆ ಗಂಡ ಹೆಂಡತಿ, ಆಚೆ ಒಂಟಿ ಮೈದುನ, ನಡುವೆ ಪ್ಲೈವುಡ್ಡಿನ ಗೋಡೆ. ಈಚೆ ಮೆಣಸಿನಕಾಯಿ ಹುರಿದರೆ ಆಚೆ ಕೆಮ್ಮು ಬರುತ್ತದೆ. ಅವಳು ಬೇಕೆಂದೇ ಹುರಿಯುತ್ತಾಳೆ. ಅವನು ಬೇಕೆಂದೇ ರೇಡಿಯೋವನ್ನು ಗೋಡೆಗೆ ಒರಗಿಸಿ ಇಡುತ್ತಾನೆ. ಹೇಳಲೇಬೇಕಾದದ್ದೇನಾದರೂ ಇದ್ದರೆ ಟೀ ಅಂಗಡಿಯ ಅಜ್ಜಿಗೆ ಹೇಳುವುದು. ನನ್ನ ತಂತಿಯ ಮೇಲೆ ಅವಳ ಬಟ್ಟೆ ಬಂದಿದೆ ಎಂದು ತಿಳಿಸಿ ಎಂದು ಅವನು ಹೇಳುವಾಗ ಅವಳು ಮಾರು ದೂರದಲ್ಲಿ ಕೂತು ಟೀ ಕುಡಿಯುತ್ತಿರುತ್ತಾಳೆ. ಅಜ್ಜಿ ಇಬ್ಬರ ಮೇಲೂ ರೇಗಿಹೋಗಿ ಈಗೀಗ ಯಾವ ಮಾತನ್ನೂ ದಾಟಿಸುವುದಿಲ್ಲ.

ಇಷ್ಟೆಲ್ಲ ಹಗೆಯ ನಡುವೆ ಇಬ್ಬರೂ ಮುರಿಯದ ಪದ್ಧತಿ ಒಂದಿತ್ತು. ಜಲಪಾತದ ದಾರಿಗೆ ಒಂದು ಹಳ್ಳ ಅಡ್ಡ ಬರುತ್ತದೆ. ಅದನ್ನು ದಾಟಿದ ಮೇಲೆ ದಾರಿ ಕವಲೊಡೆದು ಒಂದು ಕೆಳಗಿನ ಜಲಪಾತಕ್ಕೆ, ಇನ್ನೊಂದು ಮೇಲಿನದಕ್ಕೆ ಹೋಗುತ್ತದೆ. ಹೋಗುವಾಗ ಹಗ್ಗವನ್ನು ಆಚೆ ದಡದ ಮರಕ್ಕೆ ಬಳಸಿ ತಂದು, ಎರಡೂ ತುದಿಯನ್ನು ಈಚೆ ಮರಕ್ಕೆ ಗಂಟು ಹಾಕಬೇಕು. ತನ್ನ ಜನರೆಲ್ಲ ಈಚೆಗೆ ಬಂದ ಮೇಲೆ ಗಂಟು ಬಿಚ್ಚಿ, ಎಳೆದುಕೊಂಡು, ಹೆಗಲಿಗೆ ಹಾಕಿಕೊಂಡು ಇಳಿಯಬೇಕು. ಹಗ್ಗ ಕಟ್ಟಿಯೇ ಇದೆ ಎಂದರೆ ಅದರ ಒಡೆಯ ಇನ್ನೂ ಮೇಲಿದ್ದಾನೆ ಎಂದರ್ಥ. ಮಾವನ ಕಾಲದಿಂದ ಹಾಗೇ. ಅವಳದು ನೀಲಿ ಹಗ್ಗ, ಅವನದು ಹಳದಿ. ಒಬ್ಬರ ಹಗ್ಗವನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ.

ಹೀಗಿರುವಾಗ ಅರಣ್ಯ ಕಚೇರಿಗೆ ಹೊಸ ಅಧಿಕಾರಿ ಬಂದ. ಇವರಿಬ್ಬರು ಬಸ್ಸಿನ ಬಾಗಿಲಲ್ಲೇ ಗಿರಾಕಿಗಳನ್ನು ಎಳೆದಾಡುವುದನ್ನು ನೋಡಿ ಅವನಿಗೆ ತಲೆ ಕೆಟ್ಟಿತು. ಈ ದಾರಿಗೆ ಒಬ್ಬರು ಸಾಕು, ಯಾರ ಮೇಲೆ ಮೊದಲು ದೂರು ಬರುತ್ತದೋ ಅವರು ಮನೆಗೆ ಎಂದ. ಬೆಂಚಿನ ಮೇಲೆ ಕೂತ ಗಂಡನ ಹೊಟ್ಟೆ, ಮಾತ್ರೆ, ತಗಡಿನ ಮಾಡು ಎಲ್ಲ ಆ ದಾರಿಯ ಮೇಲೇ ನಿಂತಿದ್ದವು. ದೇವರೇ, ಪೀಡೆಯ ಮೇಲೆ ದೂರು ಬರಲಿ ಎಂದು ಅವಳು ದಿನಾ ಬೇಡಿಕೊಂಡಳು. ಗೋಡೆಯಾಚೆಯ ಪ್ರಾರ್ಥನೆಯೂ ಬೇರೆ ಇದ್ದಿರಲಾರದು.

ಆ ದಿನ ಅವಳು ತನ್ನ ಜನರನ್ನು ಕೆಳಗಿನ ಜಲಪಾತಕ್ಕೆ ಕರೆದೊಯ್ದಿದ್ದಳು, ಅವನು ಮೇಲಿನದಕ್ಕೆ. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ತಲೆ ಕಪ್ಪಾಯಿತು. ಅವಳು ಊಟದ ಡಬ್ಬಿ ಬಿಚ್ಚಿದ್ದವರನ್ನು ಬೈದು ಎಬ್ಬಿಸಿ ಇಳಿಸಿದಳು. ಹಳ್ಳ ದಾಟುವಾಗ ನೀರು ಕೆಂಪಾಗಿತ್ತು, ಮಂಡಿ ದಾಟಿತ್ತು. ಎಲ್ಲರೂ ಈಚೆ ಬಂದ ಮೇಲೆ ತನ್ನ ಗಂಟಿಗೆ ಕೈ ಹಾಕಿದವಳ ಕಣ್ಣು ಹಳದಿ ಹಗ್ಗದ ಮೇಲೆ ಬಿತ್ತು. ಅದನ್ನು ಕಟ್ಟಿದ್ದ ಮರದ ಬುಡದ ಮಣ್ಣನ್ನು ನೀರು ಕಿತ್ತು ತಿನ್ನುತ್ತಿತ್ತು. ಬೇರು ಹಲ್ಲು ಕಿರಿದುಕೊಂಡಿತ್ತು.

ಸಾಯಲಿ ಎಂದುಕೊಂಡಳು. ಮನಸಾರೆ ಅಂದುಕೊಂಡಳು. ಅವನ ಹಗ್ಗವನ್ನು ಬಿಚ್ಚಿ ಬೇರೆ ಮರಕ್ಕೆ ಕಟ್ಟಲು ಅವಳ ಕೈ ಸುತರಾಂ ಒಪ್ಪಲಿಲ್ಲ. ಆದರೆ ಅವನ ಹಿಂದೆ ಬರುವವರು ಯಾರ ಮನೆಯ ಮಕ್ಕಳೋ. ಅವಳ ನೀಲಿ ಹಗ್ಗ ದೊಡ್ಡ ಮರಕ್ಕಿತ್ತು, ಆನೆ ಎಳೆದರೂ ಜಗ್ಗುತ್ತಿರಲಿಲ್ಲ. ಗಂಟಿನಿಂದ ಕೈ ತೆಗೆದು, ಇನ್ನೊಮ್ಮೆ ಬಿಗಿದು, ಬರಿಹೆಗಲಲ್ಲಿ ಇಳಿದುಬಿಟ್ಟಳು. ಆ ಹಗ್ಗ ಅವನಿಗೆ ಏನು ಹೇಳುತ್ತದೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ದಿನಾ ಅದರ ಅರ್ಥ ಓದುವವಳಿಗೇ ಹೊಳೆಯಲಿಲ್ಲ.

ಟೀ ಅಂಗಡಿಯಲ್ಲಿ ಕೂತು ಎರಡನೆಯ ಲೋಟ ಮುಗಿಸುವಾಗ ಮೈದುನನ ಕಡೆಯವರು ನೆನೆದ ಕೋಳಿಗಳ ಹಾಗೆ ಬಂದು ನಿಂತರು. ಮುಂದೆ ಅವನಿರಲಿಲ್ಲ, ಹಿಂದೆಯೂ ಇರಲಿಲ್ಲ. ನೀಲಿ ಹಗ್ಗ ಹಿಡಿಸಿ ತಮ್ಮನ್ನೆಲ್ಲ ದಾಟಿಸಿದವನು ತಾನು ಮಾತ್ರ ಆಚೆಯೇ ಉಳಿದನಂತೆ, ದಾರಿ ಬಿಡದೆ ನೇರ ಇಳಿಯಿರಿ ಎಂದನಂತೆ. ಕಾಡಿನಲ್ಲಿ ನಮ್ಮನ್ನು ನಡುನೀರಿನಲ್ಲಿ ಬಿಟ್ಟಹಾಗೆ ಬಿಟ್ಟ ಎಂದು ಅವರಲ್ಲೊಬ್ಬಳು ನಡುಗುತ್ತ ಕೂಗಾಡಿದಳು.

"ಯಾಕೆ ಉಳಿದ?" ಜಿಗಣೆ ಕೇಳಿದಳು.

"ಮೇಲೆ ನಮ್ಮ ಅತ್ತಿಗೆ ಇದ್ದಾಳೆ, ಅವಳ ಹಗ್ಗ ಇನ್ನೂ ಇಳಿದಿಲ್ಲ ಅಂದ್ರು. ಹೆಸರು ಹಿಡಿದು ಬೈತಾ ಬೈತಾ ವಾಪಸ್ಸು ಹತ್ತಿಹೋದ್ರು."

ಎಷ್ಟೋ ವರ್ಷದಿಂದ ಆ ಬಾಯಲ್ಲಿ ಕೇಳದ ಮಾತು ಅತ್ತಿಗೆ ಎಂಬುದು. ಲೋಟ ಎಲ್ಲಿಟ್ಟಳೋ ಅಜ್ಜಿಗೂ ಗೊತ್ತಾಗಲಿಲ್ಲ, ಅಷ್ಟರಲ್ಲಿ ಅವಳು ದಾರಿ ಹಿಡಿದಾಗಿತ್ತು.

ಹಳ್ಳದ ದಡ ಮುಟ್ಟುವಾಗ ಹಳದಿ ಹಗ್ಗವೂ ಇರಲಿಲ್ಲ, ಅದರ ಮರವೂ ಇರಲಿಲ್ಲ. ನೀರು ಎದೆಮಟ್ಟ ಬಂದಿತ್ತು. ಆಚೆ ದಡದಲ್ಲಿ ಮೈದುನ ಆಗಷ್ಟೇ ಬಂದು ನಿಂತಿದ್ದ. ಕೆಳಗಿನ ಜಲಪಾತದವರೆಗೂ ಹೋಗಿ ಕೂಗಿ ಬಂದಿರಬೇಕು, ಮೊಣಕೈ ತರಚಿತ್ತು, ಕಾಲಿನ ತುಂಬ ಜಿಗಣೆ. ಅವಳನ್ನು ಈಚೆ ದಡದಲ್ಲಿ ಕಂಡವನು ಒಂದು ಗಳಿಗೆ ನಿಂತುಬಿಟ್ಟ. ಆಮೇಲೆ ನೀಲಿ ಹಗ್ಗ ಹಿಡಿದು ನೀರಿಗಿಳಿದ. ನೀರು ಅವನನ್ನು ಎರಡು ಸಲ ಅಡ್ಡ ಕೆಡವಿತು. ಅವಳು ಗಂಟಿನ ಮೇಲೆ ಮೈಭಾರವೆಲ್ಲ ಹಾಕಿ ನಿಂತಿದ್ದಳು. ದಡಕ್ಕೆ ಬಂದಾಗ ಕೈ ಚಾಚಿದಳು. ಅವನು ಆ ಕೈ ಹಿಡಿಯದೆ ಬೇರು ಹಿಡಿದು ಹತ್ತಿದ.

"ಸಾಯ್ಲಿಲ್ವಾ ನೀನು?" ಎಂದ. ದನಿ ಒಡೆದುಹೋಗಿತ್ತು.

"ನಿನಗಿಂತ ಮೊದಲು ಯಾಕೆ ಸಾಯ್ಲಿ?"

"ಕೆಳಗೆ ಬೆಚ್ಚಗೆ ಕೂತು ಮೇಲೆ ಹಗ್ಗ ಕಟ್ಟಿಟ್ಟಿದ್ದೀಯಲ್ಲ. ಬೇಕೂಂತ ಮಾಡಿದ್ದೀಯ."

ನಿನ್ನ ಮರ ಬೀಳುತ್ತಿತ್ತು ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಮರವಿದ್ದ ಜಾಗದ ಗುಂಡಿ ಇಬ್ಬರ ಕಣ್ಣ ಮುಂದೆಯೇ ಇತ್ತು. ಅವಳು ಹಗ್ಗ ಬಿಚ್ಚಿ ಸುತ್ತಿಕೊಂಡು ಹಿಂದಿನಿಂದ ಇಳಿದಳು. ದಾರಿಯುದ್ದಕ್ಕೂ ಅವನು ಉಗಿಯುತ್ತ ನಡೆದ.

ದೂರು ಮರುದಿನವೇ ಹೋಯಿತು. ಅಧಿಕಾರಿ ಇಬ್ಬರನ್ನೂ ಕರೆಸಿದ. ಕಚೇರಿಯ ಒಂದೇ ಫ್ಯಾನು ಅವನ ತಲೆಯ ಮೇಲೆ ಮಾತ್ರ ತಿರುಗುತ್ತಿತ್ತು. ಸಾಕ್ಷಿಗೆಂದು ಟೀ ಅಂಗಡಿಯ ಅಜ್ಜಿಯೂ ಬಂದು ಗೋಡೆಗೆ ಒರಗಿದ್ದಳು. ಜನರನ್ನು ಬಿಟ್ಟು ಯಾಕೆ ವಾಪಸ್ಸು ಹೋದೆ ಎಂದು ಅಧಿಕಾರಿ ಮೈದುನನನ್ನು ಕೇಳಿದ. ದೂರು ಕೊಟ್ಟವಳು ಕಾರಣ ಬರೆದಿರಲಿಲ್ಲ, ಬೈಗುಳ ಮಾತ್ರ ಬರೆದಿದ್ದಳು.

ಮೈದುನ ಜಿಗಣೆಯ ಕಡೆ ನೋಡಲಿಲ್ಲ. "ಟೋಪಿ ಬಿದ್ದಿತ್ತು ಸಾರ್. ಹುಡುಕೋಕೆ ಹೋದೆ."

ಅಜ್ಜಿ ತಟ್ಟನೆ ತಲೆ ಎತ್ತಿದಳು. ಅವನು ಹುಟ್ಟಿದಾಗಿನಿಂದ ಟೋಪಿ ಹಾಕಿದವನಲ್ಲ. ಅಧಿಕಾರಿಯೊಬ್ಬನನ್ನು ಬಿಟ್ಟರೆ ಅದು ಊರಿಗೇ ಗೊತ್ತು. ಇವಳಿಗಾಗಿ ಹೋದೆ ಎಂದು ನಾಲ್ಕು ಜನರೆದುರು ಹೇಳುವುದಕ್ಕಿಂತ ಅಪ್ಪನ ದಾರಿ ಹೋಗುವುದೇ ಅವನಿಗೆ ವಾಸಿಯೆನಿಸಿತ್ತು. ಇಂಥ ಹಟಕ್ಕೆ ಏನನ್ನೋಣ.

ಅಧಿಕಾರಿ ಅವಳ ಕಡೆ ತಿರುಗಿದ. ನೀನು ಇಳಿದ ಮೇಲೂ ನಿನ್ನ ಹಗ್ಗ ಹಳ್ಳದಲ್ಲೇ ಇತ್ತಂತೆ, ಯಾಕೆ ಬಿಚ್ಚಲಿಲ್ಲ ಎಂದ. ನಿಜ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ನನ್ನನ್ನು ಹುಡುಕಲು ಹೋದ ಸಾರ್ ಎಂದರೆ ಅವನ ತಪ್ಪು ತಪ್ಪಾಗಿ ಉಳಿಯುತ್ತಿರಲಿಲ್ಲ. ಬೆಂಚಿನ ಮೇಲೆ ಚಾಚಿದ ಕಾಲು ಅವಳ ಕಣ್ಣ ಮುಂದೆ ಬಂತು. ಕಾಲು ತಿಂದವಳು ಎಂದ ಮಾತೂ ಬಂತು.

"ಮರೆತೆ" ಎಂದಳು.

ಮರೆವಿಗೆ ಬೈಗುಳ ಸಿಕ್ಕಿತು, ಟೋಪಿಗೆ ಶಿಕ್ಷೆ. ದಾರಿ ಅವಳದಾಯಿತು. ಅಜ್ಜಿ ಬಾಯಿ ಬಿಡಲಿಲ್ಲ. ಹೊರಗೆ ಬರುವಾಗ ಮಾತ್ರ, ಥೂ ನಿಮ್ಮಿಬ್ಬರ ಎಂದು ಮೆಟ್ಟಿಲ ಮೇಲೆ ಉಗಿದಳು. ಮನೆಯಲ್ಲಿ ಗಂಡನಿಗೆ ಸುದ್ದಿ ಆಗಲೇ ತಲುಪಿತ್ತು.

"ಅವನು ಟೋಪಿ ಹಾಕಲ್ಲ" ಎಂದ.

"ಗೊತ್ತು" ಎಂದಳು. ಅವನು ಗೋಡೆಯ ಕಡೆ ತಿರುಗಿ ಕೂತ. ಆ ದಿನ ಅವಳು ಮೆಣಸಿನಕಾಯಿ ಹುರಿಯಲಿಲ್ಲ.

ಮೈದುನ ಬಸ್ ನಿಲ್ದಾಣದಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಸಂಜೆ ಅವಳು ಕಾಡಿನಿಂದ ಇಳಿಯುವ ಹೊತ್ತಿಗೆ ಟೀ ಅಂಗಡಿಯ ಬೆಂಚಿನ ಮೇಲೆ ದಾರಿಯ ಬಾಯಿಗೆ ಮುಖ ಮಾಡಿ ಕೂತಿರುತ್ತಿದ್ದ. ನೀಲಿ ಹಗ್ಗ ಅವಳ ಹೆಗಲ ಮೇಲೆ ಕಂಡದ್ದೇ ಮುಖ ಸಿಂಡರಿಸಿ ಎದ್ದು ಹೋಗುತ್ತಿದ್ದ. ಗೆದ್ದ ದಾರಿಯಲ್ಲಿ ಅವಳಿಗೆ ಯಾಕೋ ಮೊದಲಿನ ಹಾಗೆ ಬೈಯಲು ಬಾಯಿ ಬರುತ್ತಿರಲಿಲ್ಲ. ಗಿರಾಕಿಗಳು ಬಂಡೆ ಹತ್ತಿದರೆ, ಇಳೀರಪ್ಪ ಎನ್ನುತ್ತಿದ್ದಳು. ಹಳ್ಳದ ಬಳಿ ಒಂದೇ ಹಗ್ಗ ಕಟ್ಟುವಾಗ ಪಕ್ಕದ ಗುಂಡಿಯ ಕಡೆ ನೋಡುತ್ತಿರಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ಒಂದು ದಿನ ಬಂದವರಲ್ಲಿ ಒಬ್ಬನ ಪಾದ ಉಳುಕಿ ಅವಳಿಗೆ ತಡವಾಯಿತು. ಬೆಳಕು ಇಳಿಯುತ್ತಿತ್ತು, ಮತ್ತೆ ಹನಿ ಶುರುವಾಗಿತ್ತು. ಕುಂಟುವವನಿಗೆ ಹೆಗಲು ಕೊಟ್ಟು ಹಳ್ಳಕ್ಕೆ ಬಂದರೆ ಈಚೆ ದಡದಲ್ಲಿ, ಅವಳ ಗಂಟಿನ ಪಕ್ಕದ ಬೇರಿನ ಮೇಲೆ, ಮೈದುನ ಕೂತಿದ್ದ. ಮೂಟೆಯ ಧೂಳು ತಲೆಯ ಮೇಲೆ ಕೆಸರಾಗಿತ್ತು. ಅವನು ಎದ್ದು ಬಂದು ಕೈ ಕೊಡಲಿಲ್ಲ. ಗಂಟಿನ ಮೇಲೆ ಒಂದು ಕಾಲಿಟ್ಟು ಬಿಗಿಹಿಡಿದು, ಕೊನೆಯವಳಾಗಿ ಅವಳು ದಡ ಹತ್ತುವವರೆಗೂ ಹಾಗೇ ನಿಂತಿದ್ದ. ಆಮೇಲೆ ಬೆನ್ನು ತಿರುಗಿಸಿ ಇಳಿಯತೊಡಗಿದ.

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನ ಮೇಲೋ, ತನ್ನ ಮೇಲೋ.

"ಟೋಪಿ ಸಿಕ್ತಾ?" ಎಂದು ಬೆನ್ನಿಗೆ ಕೂಗಿದಳು.

ಅವನು ನಿಂತ, ತಿರುಗಲಿಲ್ಲ.

"ಎಲ್ಲಿ ಸಿಗ್ತದೆ, ಜಿಗಣೆ" ಎಂದ. "ಹುಡುಕ್ತಾ ಇದ್ದೀನಿ."

ಕಾಲು ಉಳುಕಿದವನು, ಏನು ಕಳೆದಿದೆ ಎಂದು ಅವಳನ್ನು ಕೇಳಿದ. ಮೇಲೆ ಇನ್ನು ಯಾರೂ ಉಳಿದಿರಲಿಲ್ಲ. ಅವಳು ಕೂತು ಗಂಟು ಬಿಚ್ಚಿದಳು.