ಮಲಾಕ್ಕಾದ ಚಿತ್ರದಲ್ಲಿ ತಾಯಿಯ ಮುಖ

ಮಲೇಷ್ಯಾದ ನಿಲಾಯ್ ಊರು ಬಿಟ್ಟು ಮಲಾಕ್ಕಾದ ಕಡೆ ಹೊರಟಾಗ ಇನ್ನೂ ಬಿಸಿಲು ಏರಿರಲಿಲ್ಲ. ಕಾರು ಓಡಿಸುತ್ತಿದ್ದವಳು ಸ್ಟೆಲ್ಲಾ. ಉಡುಪಿಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು, ಈಗ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಾಳೆ. ನಾನು ಬಂದದ್ದು ಮಲೇಷ್ಯಾ ನೋಡಲಿಕ್ಕಲ್ಲ, ಇವಳನ್ನು ನೋಡಲಿಕ್ಕೆ. ಇವಳ ಒಬ್ಬನೇ ಮಗ ರೋಶನ್, ಕ್ಲಾಂಗ್ ಬಂದರಿನಲ್ಲಿ ಕೆಲಸ ಮುಗಿಸಿ ಬೈಕಿನಲ್ಲಿ ಬರುವಾಗ ಲಾರಿಯಡಿ ಸಿಕ್ಕಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ಅವನ ಫೋಟೊ ಗೋಡೆಗೆ ಮುಖಮಾಡಿ ತೂಗುತ್ತಿತ್ತು. ಬಂದ ದಿನವೇ ಕಂಡಿದ್ದೆ, ಕೇಳಲು ಧೈರ್ಯ ಸಾಲಲಿಲ್ಲ.

ದಾರಿಯಲ್ಲಿ ತಮಿಳು ಮುಸ್ಲಿಮರು ನಡೆಸುವ ಒಂದು ಮಮಕ್ ಅಂಗಡಿಯಲ್ಲಿ ಚಹಾ ಕುಡಿಯಲು ನಿಂತೆವು. ರೋಟಿ ಚನಾಯ್ ನಮ್ಮ ಪರೋಟಾದ ತಮ್ಮನ ಹಾಗಿದೆ ಎಂದು ತಮಾಷೆ ಮಾಡಿದೆ. ಸ್ಟೆಲ್ಲಾ ನಗಲಿಲ್ಲ, ತನ್ನ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

"ದಿನಾ ಹೆಣ ಕೊಯ್ದು ಪಾಠ ಮಾಡ್ತೇನೆ ಮಾರಾಯ್ತಿ. ಮಾರ್ಚುರಿಯಲ್ಲಿ ರೋಶನ್ ಮುಖದ ಬಟ್ಟೆ ತೆಗೆದಾಗ ಮಾತ್ರ ತಿರುಗಿ ನಿಂತುಬಿಟ್ಟೆ. ಐಡೆಂಟಿಫೈ ಮಾಡಿದ್ದು ಅವನ ಫ್ರೆಂಡ್. ನಾನೆಂಥ ತಾಯಿ?"

ಅವಳ ಕೈ ಹಿಡಿದುಕೊಂಡೆ.

ಮಗ ತೀರಿಕೊಂಡ ದಿನ ಪ್ರತಿವರ್ಷ ಅವಳು ಮಲಾಕ್ಕಾದ ಒಂದು ಹಳೆಯ ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚುತ್ತಾಳೆ. ಅವತ್ತು ಅದೇ ದಿನ. ಅಲ್ಲೊಂದು ಬರೋಕ್ ಕಾಲದ, ಮುನ್ನೂರು ವರ್ಷ ಹಳೆಯ ತೈಲಚಿತ್ರವಿದೆ, ಯುರೋಪಿನಿಂದ ಹಡಗಿನಲ್ಲಿ ಬಂದದ್ದಂತೆ. ಶಿಲುಬೆಯಿಂದ ಇಳಿಸಿದ ಯೇಸುವನ್ನು ಮರಿಯಮ್ಮ ತೊಡೆಯ ಮೇಲೆ ಮಲಗಿಸಿಕೊಂಡಿದ್ದಾಳೆ. ಮಗನ ಎದೆಯ ಮೇಲಷ್ಟೇ ಬೆಳಕು. ತಾಯಿಯ ಮುಖ ಬರೀ ಕಪ್ಪು. ಆ ಕತ್ತಲೊಳಗೆ ಆಕೆ ಮಗನನ್ನೇ ದಿಟ್ಟಿಸುತ್ತಿದ್ದಾಳೆ ಎಂದೇ ಸ್ಟೆಲ್ಲಾ ನಂಬಿದ್ದಳು. ಪ್ರಾರ್ಥನೆಗಿಂತ ಆ ತಾಯಿಯಿಂದ ಬೈಸಿಕೊಳ್ಳಲಿಕ್ಕೇ ಅಲ್ಲಿಗೆ ಹೋಗುತ್ತಿದ್ದಳೇನೋ!

ಮಲಾಕ್ಕಾ ತಲುಪಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಸ್ಟೆಲ್ಲಾ ಮೇಣದಬತ್ತಿ ತೆಗೆದದ್ದೇ ತಡ, ಇಗರ್ಜಿ ನೋಡಿಕೊಳ್ಳುವ ತಮಿಳು ಮುದುಕರು ಬಂದು ತಡೆದರು. ಇನ್ನು ಇಲ್ಲಿ ದೀಪ ಹಚ್ಚುವಂತಿಲ್ಲವಂತೆ. ತಲೆಮಾರುಗಳಿಂದ ದುಃಖದಲ್ಲಿ ಬಂದವರು ಹಚ್ಚಿದ ಬತ್ತಿಗಳ ಮಸಿಯೇ ಚಿತ್ರವನ್ನು ನುಂಗಿತ್ತಂತೆ. ಈಗ ತಾನೇ ಅದನ್ನು ತೊಳೆಸಿದ್ದಾರೆ ಎಂದು ಹೇಳಿ ಅವರು ಲೈಟ್ ಹಾಕಿದರು.

ತಾಯಿಯ ಮುಖ ಕಂಡಿತು. ಆಕೆ ಮಗನನ್ನು ನೋಡುತ್ತಿರಲಿಲ್ಲ. ಕತ್ತು ಪೂರ್ತಿ ಆಚೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಒಂದು ಕೈ ಮಾತ್ರ ಮಗನ ಹಣೆಯನ್ನು ತಡವುತ್ತಿತ್ತು.

ಸ್ಟೆಲ್ಲಾ ಚಿತ್ರದ ಹತ್ತಿರ ಹೋದಳು.

"ಇವಳಿಗೂ ನೋಡ್ಲಿಕ್ಕೆ ಆಗ್ಲಿಲ್ಲ," ಎಂದಳು. ಆಮೇಲೆ ಬೆಂಚಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ಮುದುಕರು ಸದ್ದಿಲ್ಲದೆ ಫ್ಯಾನ್ ಹಾಕಿ ಹೋದರು.

ಸಂಜೆ ನಿಲಾಯ್‌ಗೆ ಮರಳಿದೆವು. ಅವಳು ಚಪ್ಪಲಿಯನ್ನೂ ಬಿಚ್ಚದೆ ಒಳಗೆ ಹೋಗಿ ಫೋಟೊ ತಿರುಗಿಸಿದಳು, ದುಪಟ್ಟಾದಿಂದ ಧೂಳು ಒರೆಸಿದಳು. ಹಚ್ಚದೆ ಉಳಿದ ಮೇಣದಬತ್ತಿಯನ್ನು ಅದರ ಕೆಳಗೆ ಹಚ್ಚಿದಳು.

ಮರುದಿನ ವಿಮಾನ ನಿಲ್ದಾಣಕ್ಕೆ ಕರೆದ ಟ್ಯಾಕ್ಸಿ ಕೆಳಗೆ ಕಾಯುತ್ತಿತ್ತು. ಬರ್ತೇನೆ ಎಂದು ಬಾಗಿಲಲ್ಲಿ ನಿಂತು ತಿರುಗಿ ನೋಡಿದೆ. ಸ್ಟೆಲ್ಲಾಗೆ ನನ್ನ ಮಾತು ಕೇಳಿಸಿರಲಿಲ್ಲ. ಮಗನ ಮುಖ ನೋಡುತ್ತಾ ನಿಂತಿದ್ದಳು.